ಎರೆ ನೆಲದ ಮೇಲೆ ರಸ್ತೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಡುವ ರಾಷ್ಟ್ರೀಯ ಹೆದ್ದಾರಿ 50 ಕಮಲಾಪುರದ ಮೇಲೆ ಹಾದುಹೋಗುತ್ತದೆ. ನಗರದ ಸುತ್ತ ತೊಗರಿ ಬೆಳೆಯುವ ಕರಿ ಎರೆ. ಕಮಲಾಪುರದ ಗುಡ್ಡದ ಮಗ್ಗುಲಿಗೆ ಹೋದರೆ ಕೆಂಪು ಮಣ್ಣು, ಗರಸು. ಬೇಸಾಯಕ್ಕೆ ಎರೆಯಂಥ ನೆಲ ಮತ್ತೊಂದಿಲ್ಲ. ರಸ್ತೆ ಹೊರಲು ಮಾತ್ರ ಗರಸೇ ಮೇಲು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಕಪ್ಪು ಕಲ್ಲಾಗಿ, ಆ ಕಲ್ಲು ಶಿಥಿಲಗೊಂಡು ಎರೆಯಾಯಿತು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಅತಿ ತೆಳುವಾದ ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದರಿಂದಲೇ.

ಈ ಗುಣ ಅಳೆಯುವ ಪರೀಕ್ಷೆ ಬಹಳ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಗುರುತು ಹಾಕಿದ ಎರಡು ಗಾಜಿನ ಕೊಳವೆಗಳಿಗೆ ಸುರಿಯುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆಯ ನಂತರ ಎಣ್ಣೆಯಲ್ಲಿನ ಮಣ್ಣು 10 ಮಿ.ಲೀ. ಗುರುತಿನಲ್ಲಿ, ನೀರಿನಲ್ಲಿನ ಮಣ್ಣು 18ರಲ್ಲಿ ನಿಂತಿದ್ದರೆ ಉಬ್ಬರ ಶೇ. 80. ಶೇ. 50 ದಾಟಿದ ಮಣ್ಣನ್ನು ಹೆದ್ದಾರಿಯ ಏರಿಗೆ ತುಂಬಬಾರದೆಂಬುದು ಕೇಂದ್ರ ಸಾರಿಗೆ ಸಚಿವಾಲಯದ ನಿಯಮ.

ಡಾಂಬರಿನ ನಡುಭಾಗದ ಕೆಳಗೆ ತೇವ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅಂಚು ಹಾಗಲ್ಲ, ಏಪ್ರಿಲ್‌ನಲ್ಲಿ ಬತ್ತಿ, ಜುಲೈನಲ್ಲಿ ನೆನೆಯುತ್ತದೆ. ಹಾಗಾಗಿ ಬಿರುಕು ಮೊದಲು ಅಂಚಿನಲ್ಲಿ, ರಸ್ತೆಯುದ್ದಕ್ಕೂ ಬೀಳುತ್ತದೆ. ಅದರೊಳಗೆ ಮಳೆನೀರು ಇಳಿದರೆ ಮೆತ್ತಗಾದ ಮಣ್ಣಿನ ಮೇಲೆ ಕಬ್ಬಿನ ಲಾರಿ ಹಾದ ಕಡೆ ರಸ್ತೆ ಕುಸಿಯುತ್ತದೆ.

ಈ ಕುಸಿತ ತಡೆಯಲು ದಾರಿಗಳು ಮೂರಿವೆ.

ಮೊದಲನೆಯದು, ಮೇಲಿನ ಎರೆ ತೆಗೆದು ಗರಸು ತುಂಬಿ, ಹದವಾಗಿ ನೀರು ಹಾಕಿ ರೋಲರ್ ಓಡಿಸುವುದು. ಗರಸು ಹತ್ತಿರ ಸಿಕ್ಕರೆ ಇದು ಸುಲಭ. ಆದರೆ ಲಾರಿಯ ದೂರ ಹೆಚ್ಚಿದಷ್ಟೂ ಖರ್ಚು ಏರುತ್ತದೆ, ಅಗೆದ ಗುಡ್ಡವೂ ಬರಿದಾಗುತ್ತದೆ.

ಎರಡನೆಯದು ಸುಣ್ಣ. ಒಣ ಮಣ್ಣಿನ ತೂಕದ ಶೇ. 3ರಿಂದ 8ರಷ್ಟು ಸುಣ್ಣ ಬೆರೆಸಿದರೆ ಅದರ ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಗಂಟುಗೂಡಿಸುತ್ತದೆ. ಜಿಗುಟು ತಗ್ಗಿ ಮಣ್ಣು ಪುಡಿಯಾಗುತ್ತದೆ, ವಾರಗಳು ಕಳೆದಂತೆ ಗಟ್ಟಿಯಾಗುತ್ತದೆ. ಶಹಾಬಾದ್, ವಾಡಿ, ಸೇಡಂಗಳ ಸುಣ್ಣಕಲ್ಲು ಇರುವ ಜಿಲ್ಲೆಗೆ ಈ ಉಪಾಯ ಒಗ್ಗುವಂಥದ್ದು.

ಮೂರನೆಯದು ಕರ್ನಾಟಕದ ಕಾಲುವೆಯೊಂದರಲ್ಲಿ ಪಳಗಿದ ವಿದ್ಯೆ. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆಯ ಮೇಲೆ ಅಂಟುಗುಣವಿದ್ದೂ ಉಬ್ಬದ ಮಣ್ಣಿನ ದಪ್ಪ ಪದರ ಹಾಸಿದರೆ ಕೆಳಗಿನ ಉಬ್ಬರ ತಡೆಯಬಹುದೆಂದು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಯಲ್ಲಿ ಇದು ಬಳಕೆಗೆ ಬಂತು.

ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ನೀರಿನ ಕೆಲಸ ಬಾಕಿ ಇರುತ್ತದೆ. ಡಾಂಬರಿಗೆ ಶೇ. 2.5ರಷ್ಟು ಅಡ್ಡ ಇಳಿಜಾರು, ಮಣ್ಣಿನ ಅಂಚಿಗೆ ಅದಕ್ಕಿಂತ ಕೊಂಚ ಹೆಚ್ಚು, ಪಕ್ಕದಲ್ಲಿ ಹೂಳಿಲ್ಲದ ಚರಂಡಿ ಬೇಕು. ಬೇಸಿಗೆಯ ಬಿರುಕುಗಳನ್ನು ಜೂನ್ ಮಳೆಗೆ ಮುನ್ನವೇ ಡಾಂಬರಿನಿಂದ ಮುಚ್ಚಿಸಬೇಕು, ಚರಂಡಿಯ ಹೂಳನ್ನೂ ಅಷ್ಟರೊಳಗೇ ತೆಗೆಸಬೇಕು.