ಟ್ರಾಕ್ಟರಿನ ಬಂದುಹೋಗುವ ವಿದ್ಯುದ್ದೋಷವೂ ಅದನ್ನು ಹಿಡಿಯುವ ಆಸಿಲೋಸ್ಕೋಪು ಯಂತ್ರವೂ

ದಿನ ಬಿಟ್ಟು ದಿನ ಚಳಿಜ್ವರ ಬರುವ ಮನುಷ್ಯನನ್ನು ಜ್ವರವಿಲ್ಲದ ದಿನ ವೈದ್ಯರ ಬಳಿಗೆ ಕರೆದೊಯ್ದರೆ, ಮೈ ಮುಟ್ಟಿ ನೋಡಿದ ಮಾತ್ರಕ್ಕೆ ಅವರಿಗೆ ಏನೂ ತೋರದು. ಟ್ರಾಕ್ಟರಿಗೂ ಇಂಥದೇ ಒಂದು ವ್ಯಾಧಿಯುಂಟು. ಕಣದಲ್ಲಿ ಇದ್ದಕ್ಕಿದ್ದಂತೆ ನಿಂತುಹೋಗುವುದು. ಮಿಸ್ತ್ರಿಯು ಬರುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಚಾಲೂ ಆಗುವುದು. ಗ್ಯಾರೇಜಿಗೆ ಒಯ್ದರೆ ದಿನವೆಲ್ಲ ಓಡುವುದು, ಮರಳಿ ತಂದೊಡನೆ ಮತ್ತೆ ನಿಲ್ಲುವುದು. ಈ ಬಂದುಹೋಗುವ ವಿದ್ಯುದ್ದೋಷವನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ಹಿಡಿಯುವ ಬಗೆಯನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಸುವುದೇ ಈ ಲೇಖನದ ಉದ್ದೇಶವು.

ನಮ್ಮ ಸೀಮೆಯಲ್ಲಿ ಈ ದೋಷಕ್ಕೆ ಕಾರಣಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ಸುತ್ತಲಿನ ಎರೆಭೂಮಿಯಲ್ಲಿ ತೊಗರಿಯೇ ಮುಖ್ಯವಾದ ಬೆಳೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ರಾಶಿ ಮಾಡುವಾಗ ಟ್ರಾಕ್ಟರು ಹೊಟ್ಟಿನ ಧೂಳಿನಲ್ಲಿ ದಿನಗಟ್ಟಲೆ ದುಡಿಯಬೇಕಾಗುವುದು. ಇದಲ್ಲದೆ ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳ ಮತ್ತು ಶಹಾಬಾದದ ಕಲ್ಲುಗಣಿಗಳ ದಾರಿಗಳಲ್ಲಿ ಸಾಗುವ ಬಂಡಿಗಳಿಗೆ ಕಲ್ಲಿನ ಧೂಳೂ ಕುಲುಕಾಟವೂ ತಪ್ಪಿದ್ದಲ್ಲ. ಚಿಂಚೋಳಿಯ ಕಾಡಂಚಿನ ಗ್ರಾಮಗಳಲ್ಲಿ ಮಳೆಗಾಲದ ತೇವವು ತಂತಿಯ ಜೋಡುಗಳಲ್ಲಿ ಹಸಿರು ಕಿಲುಬನ್ನು ಹುಟ್ಟಿಸುವುದು. ಕೆಲಸವಿಲ್ಲದ ತಿಂಗಳುಗಳಲ್ಲಿ ಕೊಟ್ಟಿಗೆಯಲ್ಲಿ ನಿಂತ ಟ್ರಾಕ್ಟರಿನ ತಂತಿಯ ಹೊದಿಕೆಯನ್ನು ಇಲಿಗಳು ಕಡಿಯುವುದನ್ನು ಬಲ್ಲದ ರೈತರಿಲ್ಲ.

ಹಳೆಯ ಟ್ರಾಕ್ಟರುಗಳ ಡೀಸೆಲ್ ಪಂಪು ಎಂಜಿನ್ನಿನ ಬಲದಿಂದಲೇ ನಡೆಯುತ್ತಿದ್ದುದರಿಂದ, ಒಮ್ಮೆ ಚಾಲೂ ಆದ ಮೇಲೆ ವೈರಿಂಗು ಕೆಟ್ಟರೂ ಎಂಜಿನ್ನು ಸಾಮಾನ್ಯವಾಗಿ ನಿಲ್ಲುತ್ತಿರಲಿಲ್ಲ. ಆದರೆ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಕಟ್ಟುನಿಟ್ಟಾದ ಹೊಗೆ ನಿಯಮಗಳು ಜಾರಿಗೆ ಬಂದಿದ್ದು, ಇವುಗಳಲ್ಲಿ ಡೀಸೆಲ್ಲನ್ನು ಅಳೆದು ಬಿಡುವ ಕೆಲಸವನ್ನು ಒಂದು ವಿದ್ಯುತ್ ನಿಯಂತ್ರಣ ಪೆಟ್ಟಿಗೆಯು ನಡೆಸುತ್ತದೆ. ಈ ಪೆಟ್ಟಿಗೆಗೆ ಒಂದು ಕ್ಷಣ ವಿದ್ಯುತ್ತು ತಪ್ಪಿದರೂ ಎಂಜಿನ್ನು ನಿಲ್ಲುವುದು.

ಮೀಟರಿಗೂ ಆಸಿಲೋಸ್ಕೋಪಿಗೂ ಇರುವ ಭೇದ

ಮಿಸ್ತ್ರಿಗಳ ಕೈಯಲ್ಲಿರುವ ಸಾಧಾರಣ ಮೀಟರು ಸೆಕೆಂಡಿಗೆ ಕೆಲವೇ ಸಲ ಅಂಕೆಯನ್ನು ಬದಲಿಸುವುದು. ಆಸಿಲೋಸ್ಕೋಪಾದರೋ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುವುದು. ಅಡ್ಡಲಾಗಿ ಕಾಲ, ಮೇಲಕ್ಕೆ ವೋಲ್ಟು. ಇದರ ಮೂಲವಾದ ಕಿರಣನಳಿಗೆಯನ್ನು ಜರ್ಮನಿಯ ಫರ್ಡಿನಂಡ್ ಬ್ರೌನ್ ಎಂಬ ವಿಜ್ಞಾನಿಯು 1897ರಲ್ಲಿ ರಚಿಸಿದನು. ಈಗಿನವು ಕೈಚೀಲದಲ್ಲಿ ಒಯ್ಯುವಷ್ಟು ಸಣ್ಣವಾಗಿವೆ.

ಒಂದು ಲೆಕ್ಕವನ್ನು ನೋಡಿರಿ. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿರುವಾಗ, ಒಂದು ಸೆಕೆಂಡನ್ನು 1,000 ಪಾಲು ಮಾಡಿದರೆ ಅಂಥ 30 ಪಾಲಿನಲ್ಲಿ ಒಂದು ಸುತ್ತು ಮುಗಿಯುವುದು. ಅನೇಕ ಎಂಜಿನ್ನುಗಳಲ್ಲಿ ವೇಗವನ್ನು ಅರಿಯುವ ಚಕ್ರಕ್ಕೆ 60 ಹಲ್ಲುಗಳ ಸ್ಥಾನವಿದ್ದು, ಗುರುತಿಗಾಗಿ 2 ಹಲ್ಲುಗಳನ್ನು ಬಿಟ್ಟಿರುತ್ತಾರೆ. ಎಂದರೆ ಒಂದೊಂದು ಹಲ್ಲಿನ ಅಲೆಗೆ ಸಿಗುವ ಕಾಲ ಅಂಥ ಅರ್ಧ ಪಾಲು ಮಾತ್ರ. ಇಷ್ಟು ಸಣ್ಣ ಅಲೆಯೊಂದು ತಪ್ಪಿದರೆ ಮೀಟರಿನ ಅಂಕೆ ಅಲುಗುವುದಿಲ್ಲ. ಆಸಿಲೋಸ್ಕೋಪಿನ ಗೆರೆಯಲ್ಲಿ ಮುರಿದ ಹಲ್ಲಿನಂತೆ ಬಯಲು ಕಾಣುವುದು.

ಹೆಚ್ಚು ಸಾಮರ್ಥ್ಯದ ಯಂತ್ರಗಳಿಗೆ ಇನ್ನೆರಡು ಗುಣಗಳುಂಟು. ವೋಲ್ಟು ಇಂತಿಷ್ಟಕ್ಕಿಂತ ಇಳಿದಾಗ ಅದರ ಹಿಂದುಮುಂದಿನ ಗೆರೆಯನ್ನು ಉಳಿಸಿಡೆಂದು ಹೇಳಿಟ್ಟರೆ, ಹೊಲ ಕಾಯುವ ಆಳಿನಂತೆ ತಾನೇ ಕಾದಿರುವುದು. ಎರಡನೆಯದಾಗಿ, ನಾಲ್ಕು ಕಡೆಯ ಗೆರೆಗಳನ್ನು ಒಂದೇ ಕಾಲಕ್ಕೆ ಬರೆಯುವುದು. ಯಾವ ಗೆರೆ ಮೊದಲು ಕೆಟ್ಟಿತೋ ಅಲ್ಲಿಂದಲೇ ದೋಷವನ್ನು ಹುಡುಕತಕ್ಕದ್ದು.

ಸೇಡಂ ತಾಲ್ಲೂಕಿನ ಒಂದು ಕಣದಲ್ಲಿ ಕಂಡುದು

ಒಬ್ಬ ರೈತರ ತೊಗರಿ ಕಣದಲ್ಲಿತ್ತು, ಆಕಾಶದಲ್ಲಿ ಮೋಡವಿತ್ತು. ಟ್ರಾಕ್ಟರು ಗಂಟೆಗೆ ಎರಡು ಮೂರು ಸಲ ನಿಲ್ಲುತ್ತಿತ್ತು. ಮೊದಲು ಬ್ಯಾಟರಿಯನ್ನು, ಬಳಿಕ ವೇಗದ ಸೆನ್ಸರನ್ನು ಬದಲಿಸಿದರು. ಹಣ ಹೋಯಿತು, ದೋಷ ಉಳಿಯಿತು. ಮೂರನೆಯ ದಿನ ಮಳೆ ಬಂದು ರಾಶಿಯ ಒಂದು ಭಾಗ ನೆನೆಯಿತು.

ಆಮೇಲೆ ಬಂದ ಮಿಸ್ತ್ರಿಯು ಟ್ರಾಕ್ಟರನ್ನು ಗ್ಯಾರೇಜಿಗೆ ಒಯ್ಯಲಿಲ್ಲ. ಬ್ಯಾಟರಿ, ನಿಯಂತ್ರಣ ಪೆಟ್ಟಿಗೆಯ ವಿದ್ಯುತ್ತು, ಅದರ ಅರ್ತಿಂಗ್ ಮತ್ತು ಸೆನ್ಸರು, ಈ ನಾಲ್ಕಕ್ಕೂ ತಂತಿಗಳನ್ನು ಜೋಡಿಸಿ, ರಾಶಿ ಯಂತ್ರವನ್ನು ಎಂದಿನಂತೆ ನಡೆಸಲು ಹೇಳಿದನು. ನಲವತ್ತು ನಿಮಿಷಕ್ಕೆ ಎಂಜಿನ್ನು ನಿಂತಿತು. ಉಳಿದ ಚಿತ್ರದಲ್ಲಿ ಬ್ಯಾಟರಿಯ ಗೆರೆ ನೆಟ್ಟಗಿತ್ತು. ಸೆನ್ಸರಿನ ಅಲೆಗಳು ಎಲ್ಲಿಯೂ ಮುರಿಯದೆ, ಎಂಜಿನ್ನು ನಿಧಾನವಾದಂತೆ ಅಗಲವಾಗುತ್ತ ಹೋಗಿದ್ದವು. ಅದಕ್ಕೂ ಮೊದಲು ಕೆಟ್ಟುದು ಅರ್ತಿಂಗಿನ ಗೆರೆ. ಸೊನ್ನೆಯಲ್ಲಿರಬೇಕಾದುದು ಒಮ್ಮೆಲೇ ಮೇಲಕ್ಕೆ ನೆಗೆದಿತ್ತು. ಬಿಚ್ಚಿ ನೋಡಲಾಗಿ, ಆ ತಂತಿಯ ಬೋಲ್ಟಿನ ಅಡಿಯಲ್ಲಿ ತುಕ್ಕೂ ಕಲ್ಲಿನ ಧೂಳೂ ಕೂತಿದ್ದವು. ಎಮರಿ ಪೇಪರಿನಿಂದ ಉಜ್ಜಿ, ಬಿಗಿಗೊಳಿಸಿ, ಮೇಲೆ ವ್ಯಾಸಲೀನ್ ಸವರಿದ ಬಳಿಕ ರಾಶಿ ಮುಗಿಯುವವರೆಗೆ ಟ್ರಾಕ್ಟರು ನಿಲ್ಲಲಿಲ್ಲ. ಆ ರೈತರು, “ಸಾಹೇಬ್ರ, ಇದನ್ನ ಮೊದ್ಲೇ ನೋಡಿದ್ರ ನನ್ನ ರಾಶಿ ಮಳಿಗಿ ಸಿಗ್ತಿರಲಿಲ್ರಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ, ಬ್ಯಾಟರಿಯನ್ನು ಬದಲಿಸಬಹುದೆಂದು ಮೊದಲ ದಿನ ಹೇಳಿದವರಲ್ಲಿ ನಾನೂ ಒಬ್ಬನಾಗಿದ್ದೆನು.

ರೈತರು ಪಾಲಿಸತಕ್ಕ ಅಂಶಗಳು

(1) ಟ್ರಾಕ್ಟರು ನಿಂತಾಗಲೆಲ್ಲ ವೇಳೆ, ಎಂಜಿನ್ನಿನ ಕಾವು, ಭಾರ, ಕುಲುಕಾಟ, ಉರಿಯುತ್ತಿದ್ದ ದೀಪ ಇವುಗಳನ್ನು ಬರೆದಿಡತಕ್ಕದ್ದು. ಮಿಸ್ತ್ರಿಗೆ ಇದಕ್ಕಿಂತ ಒಳ್ಳೆಯ ಸಹಾಯವಿಲ್ಲ.

(2) ಡೀಸೆಲ್ಲಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಫಿಲ್ಟರಿನಲ್ಲಿ ಕಸ ಇಲ್ಲವೆಂದು ಮೊದಲು ಖಚಿತ ಮಾಡಿಕೊಳ್ಳತಕ್ಕದ್ದು. ಇವುಗಳನ್ನು ಆಸಿಲೋಸ್ಕೋಪು ನೇರವಾಗಿ ತೋರಿಸಲಾರದು.

(3) ಪೂರ್ಣ ತುಂಬಿದ 12 ವೋಲ್ಟಿನ ಬ್ಯಾಟರಿಯು ನಿಂತಾಗ ಸುಮಾರು 12.6 ವೋಲ್ಟು ತೋರಬೇಕು. ಎಂಜಿನ್ನು ಓಡುವಾಗ ಸುಮಾರು 13.8ರಿಂದ 14.5, ಸ್ಟಾರ್ಟರು ತಿರುಗುವಾಗ 9.6ಕ್ಕಿಂತ ಇಳಿಯಬಾರದು. ಇಷ್ಟಕ್ಕೆ ಸಾಧಾರಣ ಮೀಟರೇ ಸಾಕು.

(4) ಬ್ಯಾಟರಿಯ ಹಿಡಿಗಳನ್ನೂ ಎಲ್ಲ ಅರ್ತಿಂಗ್ ಬೋಲ್ಟುಗಳನ್ನೂ ರಾಶಿಯ ಕಾಲಕ್ಕೆ ಒಂದು ತಿಂಗಳು ಮುಂಚೆ ಬಿಚ್ಚಿ ಉಜ್ಜಿ ಬಿಗಿಮಾಡತಕ್ಕದ್ದು.

(5) ಪರೀಕ್ಷೆಗಾಗಿ ತಂತಿಯ ಹೊದಿಕೆಯನ್ನು ಸೂಜಿಯಿಂದ ಚುಚ್ಚಗೊಡಬಾರದು. ಆ ರಂಧ್ರದಿಂದ ನೀರು ಸೇರಿ ಹೊಸ ದೋಷವಾಗುವುದು. ಎಂಜಿನ್ನು ಓಡುವಾಗ ಬ್ಯಾಟರಿಯ ತಂತಿಯನ್ನು ಕೀಳಬಾರದು.

(6) ಇಂಜೆಕ್ಟರಿನ ತಂತಿಗಳಲ್ಲಿ ಬ್ಯಾಟರಿಗಿಂತ ಹಲವು ಪಟ್ಟು ವೋಲ್ಟು ಇರುವುದರಿಂದ, ಕಲಿತವರಲ್ಲದೆ ಬೇರೆಯವರು ಅವನ್ನು ಮುಟ್ಟಬಾರದು.

(7) ಬೆಲೆಯುಳ್ಳ ಯಾವುದೇ ಭಾಗವನ್ನು ಬದಲಿಸುವ ಮುನ್ನ, ಅದು ಕೆಟ್ಟಿದೆಯೆಂಬುದಕ್ಕೆ ಪರೀಕ್ಷೆಯ ಆಧಾರವನ್ನು ಕೇಳತಕ್ಕದ್ದು.

ಮುಖಂಡರಲ್ಲಿ ವಿಜ್ಞಾಪನೆ

ಈ ಯಂತ್ರವನ್ನು ಒಬ್ಬೊಬ್ಬ ರೈತರೂ ಕೊಳ್ಳಬೇಕಾದುದಿಲ್ಲ. ಹಲವು ಗ್ರಾಮಗಳು ಸೇರಿ, ಸಹಕಾರ ಸಂಘದ ಮೂಲಕ ಒಂದನ್ನು ಇಟ್ಟುಕೊಳ್ಳಬಹುದು. ಇಲ್ಲವೆ ಇಂಥ ಯಂತ್ರವುಳ್ಳ ಮಿಸ್ತ್ರಿಯೊಡನೆ ರಾಶಿಯ ಕಾಲಕ್ಕೆ ಮೊದಲೇ ಮಾತಾಡಿಕೊಳ್ಳಬಹುದು. ಕೈಗಾರಿಕಾ ತರಬೇತಿ ಪಡೆದು ಊರಲ್ಲೇ ಇರುವ ಯುವಕರಿಗೆ ಇದನ್ನು ಓದಲು ಕಲಿಸಿದರೆ ಅವರಿಗೂ ಒಂದು ಉದ್ಯೋಗವಾಗುವುದು. ಯಂತ್ರವಿದ್ದರೆ ಸಾಲದು, ಗೆರೆಯನ್ನು ಓದಬಲ್ಲವರು ಬೇಕು. ಮುಂದಿನ ರಾಶಿಗೆ ಮುಂಚೆ ಈ ವಿಷಯವನ್ನು ತಮ್ಮ ಗ್ರಾಮದ ಟ್ರಾಕ್ಟರಿನ ಒಡೆಯರನ್ನೆಲ್ಲ ಕೂಡಿಸಿ ತಿಳಿಸಬೇಕೆಂದು ಮುಖಂಡರನ್ನು ಪ್ರಾರ್ಥಿಸುತ್ತೇನೆ.