ಅವನಿಗೆ ಇವನು ಏನಾಗಬೇಕು?

ಬೇಸಿಗೆ ರಜೆಯಲ್ಲಿ ಅಥಣಿಯ ಪರಿಚಿತರ ಮನೆಗೆ ಹೋಗಿದ್ದೆ. ‘ಜಂಗಲ್ ಬುಕ್’ ಓದುತ್ತ ಕುಳಿತಿದ್ದ ಐದನೆಯ ಇಯತ್ತೆಯ ಹುಡುಗ ತಟ್ಟನೆ ಕೇಳಿದ: “ಕಾಕಾ, ಅಕೇಲಾ ಮೋಗ್ಲಿಗೆ ಏನಾಗಬೇಕು? ಅವನ ಸಲುವಾಗಿ ತನ್ನ ಜೀವಾ ಯಾಕ ಕೊಡ್ತೀನಿ ಅಂತಾನ?”

ಪ್ರಶ್ನೆ ಸಣ್ಣದಲ್ಲ. ರುಡ್ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಈ ಪುಸ್ತಕದಲ್ಲಿ ಮೋಗ್ಲಿ, ತೋಳಗಳು ಸಾಕಿದ ಮನುಷ್ಯರ ಕೂಸು. ಹುಲಿಯ ಮಾತು ಕೇಳಿ ಹಿಂಡೇ ಅವನ ಮೇಲೆ ತಿರುಗಿಬಿದ್ದಾಗ ಮುದಿ ನಾಯಕ ಅಕೇಲಾ ಅಡ್ಡ ನಿಲ್ಲುತ್ತಾನೆ. ಹುಡುಗನನ್ನು ಬಿಟ್ಟುಕೊಟ್ಟರೆ ತಾನು ಎದುರಾಡದೆ ಸಾಯಲು ಸಿದ್ಧ ಎನ್ನುತ್ತಾನೆ. ಮುಂದಿನ ಪುಸ್ತಕದಲ್ಲಿ ಸೀಳುನಾಯಿಗಳ ದಂಡು ಬಂದಾಗ ಮೋಗ್ಲಿ ಆ ಋಣ ತೀರಿಸುತ್ತಾನೆ. ಓಡಿಹೋಗಲು ದಾರಿಯಿದ್ದರೂ ಹೋಗದೆ, ದಂಡನ್ನು ತನ್ನ ಬೆನ್ನು ಹತ್ತಿಸಿಕೊಂಡು ಜೇನುಹುಟ್ಟುಗಳ ಕಮರಿಗೆ ಎಳೆದೊಯ್ಯುತ್ತಾನೆ.

ಇದೆಲ್ಲ ಕಾಡಿನ ಕಟ್ಟುಕಥೆ ಎನ್ನುವವರು ನಮ್ಮ ಬೆಳಗಾವಿ ಜಿಲ್ಲೆಯನ್ನೇ ನೋಡಬಹುದು. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನು ದತ್ತು ಪಡೆದ ಬಾಲಕನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಆ ಹುಡುಗನ ಹಕ್ಕಿಗಾಗಿ ಯುದ್ಧಕ್ಕೆ ನಿಂತಳು. ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ, 1829ರಲ್ಲಿ ಪ್ರಾಣಬಿಟ್ಟಳು. ಆ ಬಳಿಕವೂ ಆ ದತ್ತುಮಗನ ಹೆಸರಿನಲ್ಲಿ ದಂಡು ಕಟ್ಟಿದವನು ಸಂಗೊಳ್ಳಿ ರಾಯಣ್ಣ. ರಾಯಣ್ಣನಿಗೆ ಆ ಹುಡುಗ ಏನಾಗಬೇಕು? ರಕ್ತದ ಲೆಕ್ಕದಲ್ಲಿ ಏನೂ ಅಲ್ಲ. ಹಿಡಿದುಕೊಟ್ಟವನು ಸೋದರಮಾವ ಎಂಬುದು ಜನರ ಬಾಯಿಮಾತು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಹುಡುಗನಿಗೆ ಗಾದಿ ಸಿಗಲಿಲ್ಲ. ಆದರೂ ಅವನ ತ್ಯಾಗವನ್ನು ಸೋಲೆಂದು ಯಾರೂ ಹೇಳುವುದಿಲ್ಲ. ಲಾವಣಿ ಕಟ್ಟಿ ಹಾಡುತ್ತಾರೆ.

ಸಾಹಸದ ಕಥೆ ಓದಿದರೆ ಮಕ್ಕಳು ಹುಂಬರಾಗುತ್ತಾರೆಂಬ ಅಂಜಿಕೆ ಪಾಲಕರಿಗಿದೆ. ಆದರೆ ಈ ಕಥೆಗಳ ನಾಯಕರು ಸಾವನ್ನು ಹುಡುಕಿಕೊಂಡು ಹೋದವರಲ್ಲ. ನಂಬಿದವರ ಕೈಬಿಡಲಾರದೆ ನಿಂತವರು. ಮೋಗ್ಲಿ ಗೆದ್ದದ್ದು ಬರೀ ಎದೆಗಾರಿಕೆಯಿಂದಲ್ಲ, ಯುಕ್ತಿಯಿಂದ. ಮಕ್ಕಳು ಓದುವಾಗ ಪಕ್ಕದಲ್ಲಿ ಕುಳಿತು ಈ ಅಂತರವನ್ನು ತಿಳಿಸಿದರೆ ಸಾಕು.

ಅಂದು ನಾನು ಹುಡುಗನಿಗೆ ಉತ್ತರ ಹೇಳುವ ಮೊದಲೇ ಅವನೇ ಅಂದ: “ಸಾಕಿದವರು ಅಂದ್ರ ಮನಿಯವರ ಆದ್ರಲ್ಲ, ಕಾಕಾ.” ಆ ಮಾತು ಹೇಳಲು ಅವನಿಗೆ ಪುಸ್ತಕ ಬೇಕಿರಲಿಲ್ಲ. ಹೆತ್ತ ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕುತ್ತಿರುವವಳು ಆಕೆಯ ಗೆಳತಿ. ಒಳಗೆ ಅವಳು ಅವನಿಗಾಗಿಯೇ ರೊಟ್ಟಿ ಬಡಿಯುತ್ತಿದ್ದಳು.