ಹಿನ್ನೀರಿನಲ್ಲೇ ಉಳಿದುಹೋದ ಕಡಲತೀರ

ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಸರಿದಾಗ ಹಗರಿಬೊಮ್ಮನಹಳ್ಳಿ ಕಡೆಯ ದಂಡೆಗೆ ಹೋಗಿ ನೋಡಿ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಗೇಣೆತ್ತರದ ಮೆಟ್ಟಿಲುಗಳು ಕಾಣುತ್ತವೆ. ನೀರು ಒಂದೇ ಮಟ್ಟದಲ್ಲಿ ಕೆಲವು ದಿನ ನಿಂತಾಗ, ಗಾಳಿ ಎಬ್ಬಿಸಿದ ಅಲೆಗಳು ದಂಡೆಯನ್ನು ಕೊರೆದ ಗುರುತು ಅದು. ಅದರಾಚೆ ಅಂಗೈ ಅಗಲದ ಬಿರುಕು ಬಿಟ್ಟ ಹೂಳು. ಕಡಲತೀರ ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ ಎಂಬ ಪಾಠ ಅರ್ಧದಷ್ಟು ಇಲ್ಲೇ ಸಿಗುತ್ತದೆ.

ಉಳಿದರ್ಧ ಕಡಲಿನದು. ಶಾಂತ ದಿನಗಳಲ್ಲಿ ತಗ್ಗಾದ, ಬಿಡುವುಳ್ಳ ಅಲೆಗಳು ದಡಕ್ಕೆ ಏರುವಾಗ ಮರಳನ್ನು ಹೊತ್ತು ತರುತ್ತವೆ. ಏರಿದ ನೀರಿನಲ್ಲಿ ಒಂದು ಪಾಲು ಮರಳಿನಲ್ಲೇ ಇಂಗುವುದರಿಂದ, ತಂದದ್ದನ್ನೆಲ್ಲ ಎಳೆದೊಯ್ಯುವ ಬಲ ಇಳಿಯುವ ನೀರಿಗೆ ಇರುವುದಿಲ್ಲ, ದಂಡೆ ಬೆಳೆಯುತ್ತದೆ. ಬಿರುಗಾಳಿಯ ಅಲೆಗಳು ಎತ್ತರದವು, ಒಂದರ ಬೆನ್ನಿಗೇ ಇನ್ನೊಂದು ಬಡಿಯುತ್ತದೆ. ಮರಳು ಆಗಲೇ ನೀರು ಕುಡಿದು ತುಂಬಿರುತ್ತದೆ, ಇಂಗಲು ಜಾಗವಿಲ್ಲ. ಇಳಿಯುವ ನೀರು ಮರಳನ್ನು ಸೆಳೆದು, ದಡದಿಂದ ಸ್ವಲ್ಪ ದೂರ ನೀರಿನಡಿ ದಿಬ್ಬ ಕಟ್ಟುತ್ತದೆ. ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸುತ್ತವೆ. ಅಲೆ ಮಾಡುವುದೆಲ್ಲ ಈ ಸಾಗಾಟ. ನದೀಮುಖಜ ಭೂಮಿಗೆ, ಅಂದರೆ ನದಿ ಕಡಲು ಸೇರುವಲ್ಲಿ ತಾನೇ ಕಟ್ಟಿದ ನೆಲಕ್ಕೆ, ಹೊಸ ಮರಳನ್ನು ನದಿಯೇ ತರಬೇಕು.

ನಮ್ಮ ನದಿ ತರುವುದು ಎಲ್ಲಿಗೆ ಹೋಗುತ್ತಿದೆ? ತುಂಗಭದ್ರೆ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು ಬರುತ್ತದೆ. ಕೊಟ್ಟೂರು ಕಡೆಯ ಹೊಲಗಳ ಮಣ್ಣನ್ನು ಚಿಕ್ಕಹಗರಿ ತರುತ್ತದೆ. ಹರಿಯುವ ನೀರು ನಿಂತ ನೀರಿಗೆ ಸೇರಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ದಪ್ಪ ಮರಳು ಹಿನ್ನೀರಿನ ತಲೆಯಲ್ಲೇ ಕೂರುತ್ತದೆ, ನುಣುಪು ಮಣ್ಣು ಅಣೆಕಟ್ಟೆಯತ್ತ ತೇಲಿ ಹೋಗಿ ತಳ ಸೇರುತ್ತದೆ. 1953ರಲ್ಲಿ ನೀರು ತುಂಬತೊಡಗಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯ ಪ್ರಕಾರ ಅದು 105.788. ಕಳೆದುಹೋದ 27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಒಳ್ಳೆಯ ಮಳೆಯ ವರ್ಷದಲ್ಲೂ ಅಷ್ಟು ನೀರು ರೈತರ ಕಾಲುವೆಗೆ ಸಿಗದೆ ಕ್ರೆಸ್ಟ್ ಗೇಟ್ ದಾಟಿ ಹೋಗುತ್ತದೆ.

ಇನ್ನೊಂದು ನಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಶ್ರೀಶೈಲ, ನಾಗಾರ್ಜುನಸಾಗರಗಳೂ ಇವೆ. ತಪ್ಪು ನಮ್ಮ ಅಣೆಕಟ್ಟೆಯೊಂದರದ್ದಲ್ಲ. 2009ರಲ್ಲಿ ಪ್ರಕಟವಾದ ಗಮಗೆ ಮತ್ತು ಸ್ಮಾಖ್ಟಿನ್ ಅವರ ಅಧ್ಯಯನದಂತೆ, 1977ರಿಂದ 2000ರವರೆಗೆ ಕೃಷ್ಣಾ ನದೀಮುಖಜ ಭೂಮಿಯ ಕರಾವಳಿ ವರ್ಷಕ್ಕೆ ಸರಾಸರಿ 77.6 ಹೆಕ್ಟೇರ್, ಅಂದರೆ ಸುಮಾರು 192 ಎಕರೆ ಕೊರೆದುಹೋಗಿದೆ. ಹೊಸದಾಗಿ ಕೂಡಿದ್ದು ಅದರ ಮೂರರಲ್ಲೊಂದು ಪಾಲು ಮಾತ್ರ. ಅಲೆಗಳ ಸಾಗಾಟ ನಿಂತಿಲ್ಲ, ಮರಳಿನ ಉಗ್ರಾಣ ಬರಿದಾಗುತ್ತಿದೆ. ನದೀಮುಖಜ ನೆಲ ತನ್ನ ಭಾರಕ್ಕೇ ಮೆಲ್ಲಗೆ ಕುಸಿಯುತ್ತಿರುತ್ತದೆ, ಸಮುದ್ರಮಟ್ಟವೂ ಏರುತ್ತಿದೆ. ಎರಡನ್ನೂ ಸರಿದೂಗಿಸಬಲ್ಲದ್ದು ನದಿ ತರುವ ಹೊಸ ಮರಳು, ಮಣ್ಣು. ಅದು ಬಾರದಿದ್ದರೆ ದಡ ಹಿಂದೆ ಸರಿಯುತ್ತಲೇ ಇರುತ್ತದೆ.

ಹೂಳೆತ್ತಿಸಿದರಾಯಿತು ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ದಿನಕ್ಕೆ ಸಾವಿರ ಲೋಡು ಸಾಗಿಸಿದರೂ ಆ 76 ಕೋಟಿ ಘನ ಮೀಟರ್ ತೆಗೆಯಲು ಇನ್ನೂರು ವರ್ಷ ಬೇಕು. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ. ಆದ್ದರಿಂದ ಕೆಲಸ ಜಲಾಶಯಕ್ಕಿಂತ ಮೇಲೆ ಶುರುವಾಗಬೇಕು. ಹೊಲದ ಮಣ್ಣು ಹೊಲದಲ್ಲೇ ನಿಲ್ಲಬೇಕು, ಹೊಳೆಯ ಮರಳನ್ನು ಹೊಳೆಗೇ ಬಿಡಬೇಕು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಇಳಿಜಾರು ಹೊಲಗಳವರು ಈ ಮುಂಗಾರಿಗೆ ಮುಂಚೆ ಒಡೆದ ಬದುಗಳನ್ನು ಕಟ್ಟಿಕೊಳ್ಳಲಿ.